ವೈರ್ ‘ಎಳೆಯುವುದಾ’, ‘ಹಾಯಿಸುವುದಾ’? ವಿಮಾನದ ಬಾಲದ ದೀಪದಿಂದ ಹುಟ್ಟಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ನನಗೊಂದು ಕ್ರಿಯಾಪದ ಬೇಕಾಗಿದೆ. ಒಂದು ವೈರನ್ನು ಯಾವ ಸಂದಿಯಲ್ಲಿ, ಯಾವ ತೂತಿನಲ್ಲಿ, ಏನೇನನ್ನು ತಪ್ಪಿಸಿ ತಗೊಂಡು ಹೋಗಬೇಕು ಅಂತ ಮೊದಲೇ ಯೋಚಿಸಿ, ಹಾಗೇ ಒಯ್ದು ಮುಟ್ಟಿಸುತ್ತೇವಲ್ಲ, ಆ ಕೆಲಸಕ್ಕೆ ಕನ್ನಡದಲ್ಲಿ ಏನನ್ನುತ್ತೀರಿ? ಇಂಗ್ಲಿಷಿನವರು ‘ರೂಟಿಂಗ್’ ಅನ್ನುತ್ತಾರೆ. ನಮ್ಮ ತೀರ್ಥಹಳ್ಳಿ ಕಡೆ ಎಲ್ಲರ ಬಾಯಲ್ಲೂ ಇರುವುದು ‘ವೈರ್ ಎಳೆಯುವುದು’. ನಾನೂ ಹಾಗೇ ಬರೆದೆ. ಅದರಿಂದ ಏನಾಯಿತು ಅಂತ ಮೊದಲು ಹೇಳುತ್ತೇನೆ.

ನನ್ನ ಅಕ್ಕನ ಮಗ ಅಮೆರಿಕದಲ್ಲಿದ್ದಾನೆ. ಮನೆಯ ಗ್ಯಾರೇಜಿನಲ್ಲೇ ಎರಡು ಸೀಟಿನ ಪುಟ್ಟ ವಿಮಾನ ಕಟ್ಟುತ್ತಿದ್ದಾನೆ. ಅಲ್ಯೂಮಿನಿಯಂ ತಗಡು, ರಿವೆಟ್, ನಕ್ಷೆ ಎಲ್ಲ ಕಿಟ್ಟಿನಲ್ಲಿ ಬರುತ್ತವೆ. ಆದರೆ ಅರ್ಧಕ್ಕಿಂತ ಜಾಸ್ತಿ ಕೆಲಸವನ್ನು ಹವ್ಯಾಸಕ್ಕೆ ಕಟ್ಟುವವರೇ ಕೈಯಾರೆ ಮಾಡಿರಬೇಕು, ಅದು ಅಲ್ಲಿನ ನಿಯಮ. ಅವನ ಅಪ್ಪ, ಅಂದರೆ ನಮ್ಮ ಭಾವ, ಶಿವಮೊಗ್ಗದಲ್ಲಿ ಮೂವತ್ತು ವರ್ಷ ಬಸ್ಸು, ಲಾರಿಗಳ ವೈರಿಂಗ್ ಮಾಡಿದವರು. ಕಳೆದ ವರ್ಷ ಆರು ತಿಂಗಳು ಮಗನ ಹತ್ತಿರ ಇದ್ದರು. ಸುಮ್ನೆ ಕೂರುವ ಜಾಯಮಾನ ಅಲ್ಲ. ಅವರಿಗೆ ಇಂಗ್ಲಿಷ್ ಓದುವುದು ಕಷ್ಟ, ಹಾಗಾಗಿ ಸೂಚನೆಗಳನ್ನು ಕನ್ನಡದಲ್ಲಿ ಬರೆದು ಕಳಿಸುವ ಕೆಲಸ ನನ್ನ ಪಾಲಿಗೆ ಬಂತು. “ಮಾವ, ಅಪ್ಪಯ್ಯಂಗೆ ಅರ್ಥ ಆಗೋ ಹಂಗೆ ಬರೀರಿ, ಡಿಕ್ಷನರಿ ಕನ್ನಡ ಬೇಡ” ಅಂತ ಹುಡುಗ ಮೊದಲೇ ಹೇಳಿದ್ದ.

ಬಾಲದ ದೀಪದ ಪುಟ ಬಂದಾಗ ಭಾವನ ಮೊದಲ ಪ್ರಶ್ನೆ, “ಹಿಂದೆ ಬಿಳಿ ಲೈಟಾ? ಅದು ರಿವರ್ಸ್ ಲೈಟಲ್ವಾ?” ವಿಮಾನಕ್ಕೆ ಎಡರೆಕ್ಕೆಯ ತುದಿಯಲ್ಲಿ ಕೆಂಪು, ಬಲರೆಕ್ಕೆಯ ತುದಿಯಲ್ಲಿ ಹಸಿರು, ಬಾಲದಲ್ಲಿ ಬಿಳಿ. ರಾತ್ರಿ ದೂರದಿಂದ ನೋಡಿದವನಿಗೆ ವಿಮಾನ ಯಾವ ಕಡೆ ಮುಖ ಮಾಡಿದೆ ಅಂತ ಆ ಬಣ್ಣಗಳಿಂದಲೇ ಗೊತ್ತಾಗಬೇಕು. ಬಿಳಿ ದೀಪ ಹಿಂದುಗಡೆ 140 ಡಿಗ್ರಿ ಅಗಲಕ್ಕೆ ಕಾಣಬೇಕು, ಎಡಕ್ಕೆ 70, ಬಲಕ್ಕೆ 70. ಇವನ ವಿಮಾನದಲ್ಲಿ ಆ ದೀಪ ಕೂರುವುದು ಚುಕ್ಕಾಣಿಯ ಕೆಳತುದಿಯಲ್ಲಿ. ಚುಕ್ಕಾಣಿ ಅನ್ನುವ ಪದಕ್ಕೆ ಭಾವ ತಕರಾರು ಮಾಡಲಿಲ್ಲ. ದೋಣಿಯ ಹಿಂದೆ ಇದ್ದು ದಿಕ್ಕು ತಿರುಗಿಸುವುದು ಚುಕ್ಕಾಣಿ, ವಿಮಾನದ ಹಿಂದೆ ಇದ್ದು ಮೂತಿ ತಿರುಗಿಸುವುದೂ ಅದೇ.

ಕಷ್ಟ ಇರುವುದು ಅಲ್ಲೇ. ವೈರು ಸ್ವಿಚ್ಚಿನಿಂದ ಹೊರಟು, ನೆಲದ ತಗಡಿನ ಅಡಿಯಲ್ಲಿ ನುಗ್ಗಿ, ಒಡಲಿನ ಅಡ್ಡಪಟ್ಟಿಗಳ ತೂತುಗಳನ್ನು ಒಂದೊಂದಾಗಿ ದಾಟಿ ಬಾಲದವರೆಗೆ ಬರುತ್ತದೆ. ಅಲ್ಲಿಯವರೆಗೆ ಅದು ಇಟ್ಟಲ್ಲಿ ಇರುವ ವೈರು. ಕೊನೆಯ ಗೇಣುದ್ದದಲ್ಲಿ ಮಾತ್ರ ಅದು ಕೀಲು ದಾಟಿ, ಅತ್ತಿತ್ತ ಆಡುವ ಚುಕ್ಕಾಣಿಯ ಒಳಗೆ ಹೋಗಬೇಕು. ನಾನು ಬರೆದ ಸಾಲು ಹೀಗಿತ್ತು: ‘ಒಡಲಿನಿಂದ ಚುಕ್ಕಾಣಿಯವರೆಗೆ ವೈರ್ ಎಳೆದು ಕ್ಲಾಂಪ್ ಹಾಕಿ.’

ಭಾವ ಎಳೆದರು. ಬಸ್ಸಿನ ಅಡಿಯಲ್ಲಿ ವೈರ್ ಜೋತುಬಿದ್ದರೆ ಅವರ ಕಣ್ಣಿಗೆ ಆಗುವುದಿಲ್ಲ. ನೀಟಾಗಿ ಬಿಗಿಮಾಡಿ ಕ್ಲಾಂಪ್ ಹಾಕಿದರು. ಸಂಜೆ ಹುಡುಗ ಬಂದು ಪೆಡಲ್ ಒತ್ತಿದ. ಚುಕ್ಕಾಣಿ ಒಂದೊಂದು ಕಡೆಗೂ ಸುಮಾರು 30 ಡಿಗ್ರಿ ತಿರುಗಬೇಕು. ಅರ್ಧ ತಿರುಗುವಷ್ಟರಲ್ಲೇ ವೈರು ತಂಬೂರಿ ತಂತಿಯ ಹಾಗೆ ಬಿಗಿದುಕೊಂಡಿತು. ಫೋನನ್ನು ಹತ್ತಿರ ಹಿಡಿದು ನನಗೂ ತೋರಿಸಿದ. ಬಿಳಿ ಹೊದಿಕೆಯ ಮೇಲೆ, ತಗಡಿನ ತೂತಿನ ಅಂಚು ಒತ್ತಿದ ಜಾಗದಲ್ಲಿ, ಉಗುರಲ್ಲಿ ಗೀರಿದಷ್ಟು ಗುರುತು ಬಿದ್ದಿತ್ತು. “ನೀನೇ ಎಳಿ ಅಂತ ಬರ್ದಿದ್ಯಲ್ಲ ಮಾರಾಯ” ಅಂದರು ಭಾವ. ಅವರು ಹೇಳಿದ್ದು ಸರಿ. ನೆಲದ ಮೇಲೆ ಗೊತ್ತಾಯಿತು, ವೈರು ಬದಲಾಯಿಸಿದರು. ಆದರೂ ಆ ಗುರುತು ನನ್ನ ಕಣ್ಣಿನಿಂದ ಹೋಗಿಲ್ಲ.

‘ಎಳೆ’ ಅನ್ನುವುದರಲ್ಲೇ ಬಿಗಿ ಇದೆ. ಹಗ್ಗ ಎಳೆ, ತೇರು ಎಳೆ, ಬಾಗಿಲು ಎಳೆದುಕೋ. ಒಂದು ತುದಿಯಲ್ಲಿ ಬಲ ಹಾಕುವವನು ಇದ್ದಾನೆ, ಇನ್ನೊಂದು ತುದಿ ಎದುರು ಜಗ್ಗುತ್ತದೆ. ‘ಊರಿಗೆ ಲೈನ್ ಎಳೆದರು’ ಅನ್ನುವಾಗ ಅದು ಒಪ್ಪುತ್ತದೆ, ಕಂಬದಿಂದ ಕಂಬಕ್ಕೆ ತಂತಿಯನ್ನು ನಿಜವಾಗಿಯೂ ಜಗ್ಗಿ ಕಟ್ಟುತ್ತಾರೆ. ಇನ್ನೊಂದು ತೊಡಕೂ ಇದೆ. ತುದಿಗೆ ಲಗ್ಗು (ವೈರನ್ನು ಜೋಡಿಸಲು ತುದಿಗೆ ಕೂರಿಸುವ ಲೋಹದ ತುಂಡು) ಒತ್ತಿದ ಮೇಲೆ ಗಟ್ಟಿ ಕೂತಿದೆಯಾ ಅಂತ ‘ವೈರ್ ಎಳೆದು ನೋಡಿ’ ಅಂತಲೂ ಬರೆಯಬೇಕಾಗುತ್ತದೆ. ವಿಮಾನದ ವೈರಿನಲ್ಲಿ ಸಾಮಾನ್ಯವಾಗಿ 19 ಸಣ್ಣ ಎಳೆಗಳು ಇರುತ್ತವೆ, ಅಲ್ಲಾಡಿದರೂ ಬೇಗ ಮುರಿಯಬಾರದು ಅಂತ. ಒಂದೇ ಪುಟದಲ್ಲಿ ‘19 ಎಳೆಯ ವೈರ್ ಎಳೆದು, ತುದಿ ಎಳೆದು ನೋಡಿ’ ಅಂತಾದರೆ ಓದುವವರ ಗತಿ ಏನು?

ಹಾಗಾಗಿ ಬೇರೆ ಪದ ಹುಡುಕಿದೆ. ‘ತೂರಿಸು’ ಒಂದು ತೂತಿಗೆ ಸಾಕು, ಇಡೀ ದಾರಿಗೆ ಸಾಲದು. ‘ಪೋಣಿಸು’ ಚೆನ್ನಾಗಿದೆ. ಅಮ್ಮ ಲಂಗದ ನೆರಿಗೆಯೊಳಗೆ ಲಾಡಿ ಪೋಣಿಸುತ್ತಿದ್ದುದು ನೆನಪಿದೆ. ತುದಿಗೆ ಪಿನ್ನು ಚುಚ್ಚಿ, ಬಟ್ಟೆಯ ಮೇಲಿಂದ ಅದನ್ನು ಬೆರಳಲ್ಲಿ ತಡವುತ್ತಾ ಸ್ವಲ್ಪ ಸ್ವಲ್ಪವೇ ಮುಂದೆ ದೂಡುತ್ತಿದ್ದರು. ಮುಚ್ಚಿದ ಚುಕ್ಕಾಣಿಯೊಳಗೆ ಮಾಡುವುದೂ ಅದನ್ನೇ. ಮೊದಲು ಒಂದು ನೈಲಾನ್ ದಾರ ಒಳಗೆ ಬಿಟ್ಟಿರುತ್ತಾರೆ, ಅದರ ತುದಿಗೆ ವೈರ್ ಕಟ್ಟಿ ಆಚೆಯಿಂದ ಮೆಲ್ಲಗೆ ತೆಗೆಯುತ್ತಾರೆ. ವೈರಿನ ಜೊತೆ ಇನ್ನೊಂದು ದಾರವನ್ನೂ ಬಿಡುತ್ತಾರೆ, ಮುಂದೆ ಬೇಕಾದೀತು ಅಂತ. ಆದರೆ ಪೋಣಿಸುವಾಗ ದಾರಿ ಆಗಲೇ ಇರುತ್ತದೆ. ದಾರಿ ಯಾವುದು ಅಂತ ತೀರ್ಮಾನ ಮಾಡುವುದು ಆ ಪದದೊಳಗೆ ಬರುವುದಿಲ್ಲ.

ನನಗೆ ಹಿಡಿಸಿದ್ದು ‘ಹಾಯಿಸು’. ಅಡಿಕೆ ತೋಟಕ್ಕೆ ನೀರು ಹಾಯಿಸುತ್ತೇವೆ. ಎಲ್ಲಿ ಇಳಿಜಾರು, ಎಲ್ಲಿ ಕಲ್ಲು, ಯಾವ ಮರದ ಬುಡ ಬಿಡಬೇಕು, ಯಾವುದಕ್ಕೆ ಕೊಡಬೇಕು ಅಂತ ನೋಡಿಕೊಂಡೇ ಹಾಯಿಸುವುದು. ಬಲ ಹಾಕುವ ಮಾತಿಲ್ಲ, ಬಿಗಿ ಇಲ್ಲ. ‘ಕಾಡು ಹಾಯ್ದು ಬಂದ’, ‘ಕೊಂಡ ಹಾಯ್ದರು’ ಅನ್ನುವಾಗ ಒಂದನ್ನು ದಾಟಿ ಆಚೆ ಮುಟ್ಟುವ ಅರ್ಥವೂ ಇದೆ. ‘ವೈರನ್ನು ಕೀಲಿನ ಪಕ್ಕದಲ್ಲಿ ಹಾಯಿಸಿ’ ಅಂತ ಬರೆದು ಕಳಿಸಿದೆ. ಭಾವನಿಗೆ ಒಂದೇ ಸಲಕ್ಕೆ ತಿಳಿಯಿತು.

ಇದಕ್ಕೂ ಒಂದು ಅಡ್ಡಿ ಇದೆ, ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ‘ಕರೆಂಟ್ ಹಾಯಿಸು’ ಅಂತ ಶಾಲೆಯ ವಿಜ್ಞಾನದ ಪಾಠದಿಂದಲೇ ಎಲ್ಲರಿಗೂ ರೂಢಿ. ‘ವೈರ್ ಹಾಯಿಸಿ’ ಮತ್ತು ‘ವೈರಿಗೆ ಹಾಯಿಸಿ’ ನಡುವೆ ಇರುವುದು ಒಂದು ವಿಭಕ್ತಿ ಮಾತ್ರ. ಅವಸರದಲ್ಲಿ ಓದಿ ಬ್ಯಾಟರಿ ಜೋಡಿಸಿಬಿಟ್ಟರೆ? ಕರೆಂಟಿಗೆ ‘ಕೊಡು’ ಅಂತಲೇ ಬರೆದು, ‘ಹಾಯಿಸು’ವನ್ನು ವೈರಿಗೆ ಮೀಸಲಿಡಬಹುದು ಅಂತ ನನ್ನ ಯೋಚನೆ. ‘ಕರೆಂಟ್ ಕೊಡು’ ಮೆಕ್ಯಾನಿಕ್ಕುಗಳ ಬಾಯಲ್ಲಿ ಹೇಗೂ ಇದೆ.

ಕೀಲಿನ ಹತ್ತಿರ ಬಿಡುವ ಆ ಸಡಿಲ ಉದ್ದಕ್ಕೂ ಪದ ಬೇಕಿತ್ತು. ಭಾವ ತಾವೇ ಕೊಟ್ಟರು: ಕೊಸರು. ಅಂಗಡಿಯಲ್ಲಿ ತೂಕದ ಮೇಲೆ ಒಂದು ಹಿಡಿ ಹೆಚ್ಚು ಹಾಕುತ್ತಾರಲ್ಲ, ಅದೇ ಕೊಸರು. “ಇಲ್ಲಿ ನಾಕ್ ಬೆರಳು ಕೊಸರು ಬಿಡ್ಬೇಕು” ಅಂದರು. ನಾನು ಎಷ್ಟು ಯೋಚಿಸಿದ್ದರೂ ಇಷ್ಟು ಒಳ್ಳೆಯ ಪದ ಹೊಳೆಯುತ್ತಿರಲಿಲ್ಲ. ಇದು ನಾಳೆ ದೀಪ ಬಿಚ್ಚುವಾಗ ಕೈಗೆ ವೈರು ಸಿಗಲಿ ಅಂತಲೂ ಬಿಡುವ ಉದ್ದ.

ಹೀಗೇ ‘ನುಲಿ’. ವೈರು ಕೀಲಿಗೆ ಅಡ್ಡ ದಾಟಿದರೆ ಚುಕ್ಕಾಣಿ ಆಡಿದಾಗಲೆಲ್ಲ ಒಂದೇ ಜಾಗದಲ್ಲಿ ಮಡಚಿ ಬಿಚ್ಚಿ, ಎಳೆಗಳು ಒಂದೊಂದಾಗಿ ಮುರಿಯುತ್ತವೆ. ಕೀಲಿನ ಉದ್ದಕ್ಕೇ ಸ್ವಲ್ಪ ದೂರ ಹಾಯಿಸಿದರೆ ಅದು ಮಡಚುವುದಿಲ್ಲ, ಅಷ್ಟೂ ಉದ್ದಕ್ಕೆ ತುಸುವೇ ನುಲಿಯುತ್ತದೆ. ಹೊಟ್ಟೆ ನುಲಿಯುವುದು, ಹಗ್ಗ ನುಲಿಯುವುದು ಎರಡರಲ್ಲೂ ಇರುವುದು ಈ ಅರ್ಥವೇ. ‘ತಿರುಚು’ ಅಂತ ಬರೆದಿದ್ದರೆ ಕೈಯಿಂದ ತಿರುಚಿಬಿಡುತ್ತಿದ್ದರೇನೋ.

ತೂತಿನ ಅಂಚಿಗೆ ಹಾಕುವ ರಬ್ಬರ್ ಉಂಗುರಕ್ಕೆ ಭಾವ ‘ಬುಷ್’ ಅನ್ನುತ್ತಾರೆ, ಅದನ್ನು ಹಾಗೇ ಬಿಟ್ಟಿದ್ದೇನೆ. ಕರೆಂಟ್ ವಾಪಸ್ ಬರಲು ಬೇರೆ ವೈರ್ ಹಾಕದೆ ಗಾಡಿಯ ಲೋಹದ ಮೈಯನ್ನೇ ಬಳಸುವ ‘ಬಾಡಿ ಅರ್ತ್’ ಕೂಡ. ಬಸ್ಸಿನಲ್ಲಿ ಬಾಡಿ ಅರ್ತ್ ಸಾಕಾಗುತ್ತದೆ, ಇಲ್ಲಿ ಆಡುವ ಕೀಲನ್ನು ನಂಬಿ ಅರ್ತ್ ಬಿಡುವುದು ಬೇಡ ಅಂತ ಹುಡುಗ ವಾಪಸ್ ಬರುವ ವೈರನ್ನೂ ಜೊತೆಗೇ ಹಾಯಿಸಿದ. ಉಜ್ಜಿ ಉಜ್ಜಿ ಹೊದಿಕೆ ಹೋಗುವುದಕ್ಕೆ ‘ತೇಯು’ ಅಂತ ಬರೆದಿದ್ದೇನೆ, ಗಂಧ ತೇಯುವ ತೇಯು. ಎಂಜಿನ್ ಅದುರುವಾಗ ಕಾಣದ ಹಾಗೆ ನಿಧಾನವಾಗಿ ನಡೆಯುವ ಕೆಲಸಕ್ಕೆ ಅದು ಹೊಂದುತ್ತದೆ ಅನ್ನಿಸಿತು.

ಈಗ ನಿಮ್ಮ ಊರಿನ ಮಾತು ಬೇಕು. ನಿಮ್ಮ ಕಡೆ ಹಗ್ಗಕ್ಕೋ, ಪೈಪಿಗೋ, ವೈರಿಗೋ ‘ಹಾಯಿಸು’ ಅನ್ನುತ್ತಾರಾ, ಅಥವಾ ಅದು ನೀರಿಗೆ ಮಾತ್ರವಾ? ಬಯಲುಸೀಮೆಯವರು, ಕರಾವಳಿಯವರು ಬೇರೆ ಏನಾದರೂ ಹೇಳುತ್ತೀರಾ? ಮೋಟಾರ್ ರಿವೈಂಡಿಂಗ್ ಮಾಡುವವರು, ಮನೆ ವೈರಿಂಗ್ ಮಾಡುವವರು ಪರಿಚಯ ಇದ್ದರೆ, ಅವರು ಕೆಲಸ ಮಾಡುತ್ತಾ ಆಡುವ ಮಾತನ್ನು ಕೇಳಿಸಿಕೊಂಡು ಬರೆಯಿರಿ. ನೇರವಾಗಿ ಕೇಳಿದರೆ ಎಲ್ಲರೂ ‘ಎಳೆಯೋದು’ ಅಂದುಬಿಡುತ್ತಾರೆ. ಮುಂದಿನ ತಿಂಗಳು ರೆಕ್ಕೆಯ ದೀಪಗಳ ಪುಟ ಬರೆದು ಕಳಿಸಬೇಕು. ಅಷ್ಟರೊಳಗೆ ತಿಳಿದರೆ ಉಪಕಾರ.