ಘಾಟಿಯಲ್ಲಿ ದುಡಿದ ಕೀಮ್ಯಾನ್ ಗೆಳೆಯರಿಗೆ ನುಡಿನಮನ: ಅವರ ಕೆಲಸವನ್ನು ಹೇಗೆ ವಿವರಿಸಲಿ?

ಪ್ರಶ್ನೆ – ನಿವೃತ್ತ ಸ್ಟೇಷನ್ ಮಾಸ್ಟರ್

ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿ ಮಾರ್ಗದಲ್ಲಿ ನನ್ನೊಂದಿಗೆ ದುಡಿದು, ಕೀಮ್ಯಾನ್ (ಹಳಿಯನ್ನು ನಡೆದು ಪರೀಕ್ಷಿಸುವ ನೌಕರ) ಆಗಿಯೇ ನಿವೃತ್ತರಾದ ಆತ್ಮೀಯ ಗೆಳೆಯರು ಕಳೆದ ವಾರ ತೀರಿಕೊಂಡರು. ಉತ್ತರಕ್ರಿಯೆಯ ದಿನ ನಾನೇ ನುಡಿನಮನ ಸಲ್ಲಿಸಬೇಕೆಂದು ಅವರ ಮಕ್ಕಳು ಕೇಳಿಕೊಂಡಿದ್ದಾರೆ. ಅಲ್ಲಿ ಸೇರುವವರು ಬಹುತೇಕ ಕೃಷಿಕರು. ಗೆಳೆಯರು ರೈಲ್ವೆಯಲ್ಲಿದ್ದರು ಎಂಬುದಷ್ಟೇ ಊರಿಗೆ ಗೊತ್ತು. ಮಳೆಗಾಲದಲ್ಲಿ ಯಡಕುಮರಿ ಸ್ಟೇಷನ್ನಿಗೆ ಬಂದಾಗ, ರೈನ್‌ಕೋಟಿನ ನೀರು ರಿಜಿಸ್ಟರ್ ಮೇಲೆ ಬಿದ್ದೀತೆಂದು ಒಳಗೆ ಬಾರದೆ, ಕಿಟಕಿಯ ಹೊರಗೆ ನಿಂತೇ ಹಳಿಯ ಸ್ಥಿತಿಯನ್ನು ಕಿಲೋಮೀಟರ್ ಕಲ್ಲಿನ ಲೆಕ್ಕದಲ್ಲಿ ಹೇಳುತ್ತಿದ್ದರು. ಆದರೆ ಹಳಿಯ ಮೇಲಿನ ಅವರ ಕೆಲಸವನ್ನು ನಾನು ಹತ್ತಿರದಿಂದ ನೋಡಿದವನಲ್ಲ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ – ನಿವೃತ್ತ ಸೆಕ್ಷನ್ ಎಂಜಿನಿಯರ್

ಸುದ್ದಿ ತಿಳಿದು ಬಹಳ ನೋವಾಯಿತು. ಕೀಮ್ಯಾನ್ ತನ್ನ ಬೀಟನ್ನು, ಅಂದರೆ ತನಗೆ ವಹಿಸಿದಷ್ಟು ಹಳಿಯನ್ನು, ದಿನವೂ ಕಾಲ್ನಡಿಗೆಯಲ್ಲಿ ಪರೀಕ್ಷಿಸುತ್ತಾನೆ, ಹೋಗುವಾಗ ಒಂದು ಹಳಿಯನ್ನು, ಮರಳುವಾಗ ಇನ್ನೊಂದನ್ನು ನೋಡುತ್ತಾನೆ ಎಂಬುದರಿಂದಲೇ ಆರಂಭಿಸಿ. ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳಿರುವ ಆ ಮಾರ್ಗದಲ್ಲಿ ತೇವದಿಂದ ಹಳಿಯನ್ನು ಬಿಗಿದಿಡುವ ಕ್ಲಿಪ್‌ಗಳೂ ಹಳಿಯ ತಳವೂ ಬೇಗ ತುಕ್ಕು ಹಿಡಿಯುತ್ತವೆ. ಅವರು ಸುರಂಗದೊಳಗೆ ಮೊಣಕಾಲೂರಿ, ಟಾರ್ಚ್ ಹಿಡಿದು, ಅನುಮಾನ ಬಂದ ಕ್ಲಿಪ್‌ಗೆ ಸುತ್ತಿಗೆಯಿಂದ ತಟ್ಟಿ ನೋಡುತ್ತಿದ್ದರು. ಹಳಿ ಮುರಿದಿದ್ದರೆ ಅಥವಾ ಗುಡ್ಡ ಜರಿದಿದ್ದರೆ ಕೆಂಪು ಬಾವುಟ ಹಿಡಿದು ಓಡಿ, 600 ಮೀಟರ್ ದೂರದಲ್ಲಿ ಒಂದು, 1200 ಮೀಟರ್ ದೂರದಲ್ಲಿ ಹತ್ತು ಹತ್ತು ಮೀಟರ್ ಅಂತರಕ್ಕೆ ಮೂರು ಡೆಟೊನೇಟರ್‌ಗಳನ್ನು (ಸದ್ದು ಮಾಡುವ ಸಿಡಿಗುಂಡುಗಳನ್ನು) ಹಳಿಗೆ ಕಟ್ಟಬೇಕು. ಎಂಜಿನ್ನಿನ ಚಕ್ರ ಹತ್ತಿದೊಡನೆ ಅವು ಸಿಡಿದು ಚಾಲಕನನ್ನು ಎಚ್ಚರಿಸುತ್ತವೆ. ಕೃಷಿಕರಿಗೆ ಇದು ಖಂಡಿತ ಅರ್ಥವಾಗುತ್ತದೆ, ಏಕೆಂದರೆ ಆ ಗುಡ್ಡ, ಆ ಮಳೆ ಅವರದೇ.

ಉತ್ತರ – ಲೋಕೋ ಪೈಲಟ್

ಐವತ್ತು ಮೀಟರಿಗೆ ಒಂದು ಮೀಟರ್ ಇಳಿಯುವ ಆ ದಾರಿಯಲ್ಲಿ ತುಂಬಿದ ಗೂಡ್ಸ್ ರೈಲನ್ನು ಥಟ್ಟನೆ ನಿಲ್ಲಿಸಲಾಗುವುದಿಲ್ಲ. ತಿರುವಿನಾಚೆ ಏನಿದೆಯೆಂದು ನಮಗೆ ಕಾಣದು. ಅವರಂಥವರು ಬೆಳಗ್ಗೆಯೇ ನಡೆದು ನೋಡಿದ್ದಾರೆಂಬ ನಂಬಿಕೆಯಿಂದಲೇ ನಾವು ರೈಲು ಇಳಿಸುತ್ತಿದ್ದೆವು. ನನ್ನ ನಮನಗಳನ್ನೂ ಸೇರಿಸಿ.

ಉತ್ತರ – ಅದೇ ಗ್ಯಾಂಗಿನ ನಿವೃತ್ತ ಟ್ರ್ಯಾಕ್‌ಮನ್

ನನಗೆ ಕೆಲಸ ಕಲಿಸಿದವರು ಅವರೇ. 1996ರಲ್ಲಿ ಮೀಟರ್‌ಗೇಜ್ ಹಳಿಯನ್ನು ಅಗಲವಾದ ಬ್ರಾಡ್‌ಗೇಜ್‌ಗೆ ಬದಲಿಸಲು ಮಾರ್ಗ ಮುಚ್ಚಿದಾಗ ಬಯಲುಸೀಮೆಗೆ ವರ್ಗವಾಗಿದ್ದ ಅವರು, 2006ರಲ್ಲಿ ಬ್ರಾಡ್‌ಗೇಜ್ ಹಳಿಯ ಮೇಲೆ ಗೂಡ್ಸ್ ರೈಲುಗಳು ಓಡಲಾರಂಭಿಸಿದ ಮೇಲೆ, ಮನೆಯವರು ಬೇಡವೆಂದರೂ ಕೇಳಿಕೊಂಡು ಘಾಟಿಗೇ ಮರಳಿದರು. ಗುಡ್ಡದಿಂದ ತಿಳಿಯಾಗಿ ಇಳಿಯುವ ನೀರು ಕೆಂಪಗಾದರೆ ಮೇಲೆ ಮಣ್ಣು ಸಡಿಲವಾಗಿದೆ ಎಂದರ್ಥ, ಅಲ್ಲಿಂದ ಕದಲಬೇಡ ಎನ್ನುತ್ತಿದ್ದರು. ಹೊಸಬರ ಬುತ್ತಿ ಮಳೆಯಲ್ಲಿ ನೆನೆದರೆ ತಮ್ಮದನ್ನು ಅರ್ಧ ಹಂಚುತ್ತಿದ್ದರು. ಇದನ್ನು ಬಿಡದೆ ಹೇಳಿ ಸರ್.

ಪ್ರಶ್ನೆ ಕೇಳಿದವರ ಮರುನುಡಿ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಕೆಂಪು ನೀರಿನ ಮಾತನ್ನು ಮೊದಲು ಹೇಳಿ, ಸುರಂಗದ ಕೆಲಸವನ್ನು ಅದರ ಹಿಂದೆಯೇ ವಿವರಿಸುತ್ತೇನೆ. ಬುತ್ತಿಯ ವಿಷಯ ಅವರ ಪತ್ನಿಗೂ ಗೊತ್ತಿರಲಿಲ್ಲವಂತೆ. ನಿನ್ನೆ ಫೋನಿನಲ್ಲಿ ಹೇಳಿದಾಗ ಮತ್ತೊಮ್ಮೆ ಹೇಳಿಸಿಕೊಂಡರು. ಟ್ರ್ಯಾಕ್‌ಮನ್ ಸಹೋದರರೇ, ಸಾಧ್ಯವಾದರೆ ತಾವೂ ಬಂದು ಎರಡು ಮಾತನಾಡಬೇಕು. ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿಗೆ ವಾಹನ ಕಳುಹಿಸುವುದಾಗಿ ಅವರ ಹಿರಿಯ ಮಗ ತಿಳಿಸಿದ್ದಾರೆ.