ಸಹಾಯ ಬೇಕು: ನ್ಯೂಕ್ಲಿಯಸ್ಸಿನ್ಯಾಗ ಸಿಕ್ಕ ಕೇಯಾನ್ ಬಗ್ಗೆ

ಎಲ್ಲಾರಿಗೂ ನಮಸ್ಕಾರ್ರೀ. ನಾನು ಧಾರವಾಡದಾಗ ಎಂ.ಎಸ್ಸಿ. ಫಿಸಿಕ್ಸ್ ಓದಾಕತ್ತೇನಿ. ಎರಡು ಪ್ರೋಟಾನ್ ಜೋಡಿ ಒಂದು ಋಣ ಕೇಯಾನ್ (ಸ್ಟ್ರೇಂಜ್ ಕ್ವಾರ್ಕ್ ಇರೋ, ಲಗೂನ ಒಡಿಯೋ ಕಣ) ಬಂಧ ಆಗಿರೋ ಸ್ಥಿತಿ ಬಗ್ಗೆ ಸೆಮಿನಾರ್ ಕೊಡೂದೈತಿ. ನ್ಯೂಕ್ಲಿಯರ್ ಫಿಸಿಕ್ಸ್ ಮಾಡಿದವರು ಯಾರರೆ ಇದ್ರ ಸ್ವಲ್ಪ ತಿಳಿಸಿ ಹೇಳ್ರಿ.

2005ರಾಗ ಇಟಲಿಯ ಫ್ರಾಸ್ಕಾಟಿಯೊಳಗ ಫಿನುಡಾ ಪ್ರಯೋಗದ ತಂಡದವರು ಈ ಸ್ಥಿತಿಯ ಬಂಧನ ಶಕ್ತಿ ಸುಮಾರು 115 ಎಂಇವಿ (ಕಣಗಳ ಶಕ್ತಿಯ ಅಳತಿ) ಅಂದಿದ್ರು. ನಿಂತ ಕೇಯಾನನ್ನ ಎರಡು ನ್ಯೂಕ್ಲಿಯಾನ್ (ಪ್ರೋಟಾನ್ ಇಲ್ಲಾ ನ್ಯೂಟ್ರಾನ್) ನುಂಗಿ, ಹೊರಗ ಬರೋ ಲ್ಯಾಂಬ್ಡಾ (ಪ್ರೋಟಾನಿಗಿಂತ ಭಾರದ ಒಂದು ಕಣ) ಇಲ್ಲಾ ಪ್ರೋಟಾನ್ ದಾರಿಯೊಳಗ ಮತ್ತೆ ಡಿಕ್ಕಿ ಹೊಡದ್ರೂ ಬಂಧ ಸ್ಥಿತಿ ಇಲ್ಲದೇನ ಗ್ರಾಫಿನ್ಯಾಗ ಅಂಥದ್ದೇ ಗುಡ್ಡ ಏಳತೈತಿ ಅಂತ ಆಕ್ಷೇಪ ಬಂತು. ಇಲ್ಲೀತನಕ ತಿಳೀತು.

ಮುಂದ ಜಪಾನಿನ ಜೆ-ಪಾರ್ಕ್ ವೇಗವರ್ಧಕ ಕೇಂದ್ರದ ಇ15 ಪ್ರಯೋಗದಾಗ ಹೀಲಿಯಂ-3ರ ಮ್ಯಾಲೆ ಓಡೋ ಕೇಯಾನ್ ಬಿಟ್ಟು, ಒಂದು ನ್ಯೂಟ್ರಾನ್ ಮುಂದಕ್ಕ ಹಾರಿಸಿ, ಉಳಿದದ್ದನ್ನ ಲ್ಯಾಂಬ್ಡಾ-ಪ್ರೋಟಾನ್ ಜೋಡಿಯ ದ್ರವ್ಯರಾಶಿಯಿಂದ ಅಳದಾರ. ಸಂವೇಗ ವರ್ಗಾವಣೆ ಬದಲಾದ್ರೂ ಆ ಶಿಖರ ಜಾಗಾ ಬಿಡಂಗಿಲ್ಲ. ನನಗ ಭಾಳ ಸೇರಿದ್ದು ಇದೇ! 2020ರ ಫಲಿತಾಂಶದಾಗ ಬಂಧನ ಶಕ್ತಿ ಸುಮಾರು 42, ಶಿಖರದ ಅಗಲ (ಇದು ಹೆಚ್ಚಿದ್ದಷ್ಟು ಸ್ಥಿತಿ ಲಗೂನ ಒಡೀತೈತಿ) ಸುಮಾರು 100 ಎಂಇವಿ.

ತಲಿ ಕೆಟ್ಟಿದ್ದು ಇಲ್ಲೇ ನೋಡ್ರಿ. ಅಗಲ ಅನ್ನೂದು ಬಂಧನ ಶಕ್ತಿಯ ಎರಡು ಪಟ್ಟು ಮೀರಿದ್ರ, ಅಂಥದ್ದು ಖರೇನ ಒಂದು ಸ್ಥಿತಿ ಅಂತ ಕೇಳೋರಿಗೆ ಹೆಂಗ ಒಪ್ಪಿಸೂದು? ಆ ಅಗಲದಾಗ ಪಯಾನ್ (ಕೇಯಾನಿಗಿಂತ ಹಗುರ ಕಣ) ಬಿಡೋ ಕ್ಷಯದ ಪಾಲು ಎಷ್ಟು, ಪಯಾನ್ ಇಲ್ಲದ್ದರ ಪಾಲು ಎಷ್ಟು ಅಂತ ಬಿಡಿಸೋದು ಹೆಂಗ?

ಲೆಕ್ಕ ಬರದ ಹಾಳಿ ಫೋಟೋ ಹಾಕಿದ್ರೂ ನಡೀತೈತಿ. ಹುಬ್ಬಳ್ಳಿಯವರಾದ್ರ ಚಿಗರಿ ಬಸ್ ಹತ್ತಿ ನಾನೇ ಬರ್ತೇನಿ. ಯೂಟ್ಯೂಬ್ ಲಿಂಕ್ ಮಾತ್ರ ಬ್ಯಾಡ್ರಿ, ಅವೆಲ್ಲಾ ಪೆಂಟಾಕ್ವಾರ್ಕಿಗೇ (ಐದು ಕ್ವಾರ್ಕಿನ ಕಣ) ಹೋಗಿ ನಿಲ್ತಾವು.