ಸಹಾಯ ಬೇಕು: ಬೋರಿಗೆ ಸೋಲಾರ್ ಹಾಕಿಸೋದೋ, ಕರೆಂಟ್ ಲೈನ್ ಎಳೆಸೋದೋ?

ಎಲ್ಲರಿಗೂ ನಮಸ್ಕಾರ. ನಮ್ಮದು ತಿಪಟೂರು ಕಡೆ, ಮೂರು ಎಕರೆ ತೆಂಗು. ಹೊಸ ಬೋರ್‌ನಲ್ಲಿ 650 ಅಡಿಗೆ ಎರಡಿಂಚು ನೀರು ಸಿಕ್ಕಿದೆ. ತಲೆನೋವು ಈಗ ಶುರು. 2023ರ ಸೆಪ್ಟೆಂಬರ್‌ ನಂತರ ಅರ್ಜಿ ಹಾಕಿದವರು ಕಂಬ, ತಂತಿ, ಟಿಸಿ (ಟ್ರಾನ್ಸ್‌ಫಾರ್ಮರ್) ಖರ್ಚನ್ನು ತಾವೇ ನೋಡಿಕೊಳ್ಳಬೇಕು ಅಂತಾಗಿದೆಯಲ್ಲ. 10 ಎಚ್‌ಪಿವರೆಗೆ ಕರೆಂಟೇನೋ ಫ್ರೀ, ಆದರೆ ಅದು ಬೋರ್ ತನಕ ಬರಬೇಕಲ್ಲ ಸ್ವಾಮಿ! ನಮಗೆ ಹತ್ತಿರದ ಟಿಸಿಯೇ 500 ಮೀಟರ್ ಆಚೆ.

ಕುಸುಮ್-ಬಿ ಅನ್ನೋ ಸೋಲಾರ್ ಪಂಪ್‌ಸೆಟ್ ಸಬ್ಸಿಡಿ ಯೋಜನೆಯಲ್ಲಿ ಕೇಂದ್ರ ಶೇ. 30, ರಾಜ್ಯ ಶೇ. 50 ಕೊಟ್ಟರೆ ನಮ್ಮ ಪಾಲು ಶೇ. 20. ಲೆಕ್ಕ ಚೆನ್ನಾಗಿದೆ. ಆದರೆ ಕೇಂದ್ರದ ಸಬ್ಸಿಡಿ 7.5 ಎಚ್‌ಪಿ ಲೆಕ್ಕಕ್ಕೇ ನಿಲ್ಲುತ್ತೆ. ಇಷ್ಟು ಆಳದಿಂದ ಆ ಮೋಟರ್ ನೀರೆತ್ತುತ್ತಾ? ಆಷಾಢದ ಮೋಡದಲ್ಲಿ ಎಷ್ಟು ಹೊತ್ತು ಓಡುತ್ತೆ? ಪ್ಯಾನೆಲ್, ಕೇಬಲ್ ಕಳ್ಳತನಕ್ಕೆ ಏನು ಮಾಡಿದ್ದೀರಿ? ರಾತ್ರಿ ತ್ರೀಫೇಸ್ ಕಾಯೋದು ತಪ್ಪುತ್ತೆ ಅನ್ನೋದೊಂದೇ ನನಗೆ ದೊಡ್ಡ ಆಸೆ.

ಅಕ್ಕಪಕ್ಕದ ನಾಲ್ಕು ರೈತರು ಸೇರಿ ಒಂದೇ ಟಿಸಿ ಖರ್ಚು ಹಂಚಿಕೊಂಡವರಿದ್ದರೆ ಅದನ್ನೂ ತಿಳಿಸಿ, ಜಗಳ ಬಂದಿತ್ತಾ ಅಂತಲೂ ಹೇಳಿ. 500 ಅಡಿಗಿಂತ ಆಳದ ಬೋರಿಗೆ ಸೋಲಾರ್ ಹಾಕಿಸಿ ಒಂದು ಮಳೆಗಾಲ ಕಂಡವರ ಮಾತು ಮುಖ್ಯ. ಏಜೆಂಟರು ದಯವಿಟ್ಟು ಇನ್‌ಬಾಕ್ಸಿಗೆ ಬರಬೇಡಿ.